ಆಯ್ಕೆಯಿಂದ ಸಮತೋಲದವರೆಗೆ: ಸ್ನಾತಕೋತ್ತರ ಸೂಕ್ಷ್ಮ ಅರ್ಥಶಾಸ್ತ್ರವನ್ನು ಶಿರಸಿಯ ಅಡಿಕೆ ಮತ್ತು ಕಾರವಾರದ ಮೀನಿನ ಲೆಕ್ಕದಲ್ಲಿ ಕಲಿಯುವ ಕ್ರಮ

ಚಾಲಿ ಅಡಿಕೆಯ ದರ ಏರಿದಾಗ ಶಿರಸಿಯ ಮಾರುಕಟ್ಟೆ ಪ್ರಾಂಗಣಕ್ಕೆ ಬರುವ ಮೂಟೆಗಳು ಹೆಚ್ಚಬೇಕೇ, ಕಡಿಮೆಯಾಗಬೇಕೇ? ಪದವಿ ತರಗತಿಯಲ್ಲಿ ಓದಿದ ಪೂರೈಕೆಯ ನಿಯಮ ಹೆಚ್ಚಬೇಕೆಂದು ತಟ್ಟನೆ ಹೇಳಿಬಿಡುತ್ತದೆ. ಸ್ನಾತಕೋತ್ತರ ಹಂತದ ಸಿದ್ಧಾಂತ ಅಷ್ಟು ಅವಸರ ಮಾಡುವುದಿಲ್ಲ. ಬೆಳೆಗಾರನ ಆದ್ಯತೆಗಳೇನು, ಮುಂದಿನ ದರದ ಬಗ್ಗೆ ಅವನ ನಿರೀಕ್ಷೆಯೇನು, ಅಡಿಕೆ ಮಾರದೆಯೇ ಮನೆಖರ್ಚಿಗೆ ಸಾಲ ಸಿಗುತ್ತದೆಯೇ ಎಂದು ಮೊದಲು ಕೇಳುತ್ತದೆ, ಮತ್ತು ಈ ಮೂರು ಪ್ರಶ್ನೆಗಳ ಉತ್ತರ ಬದಲಾದಂತೆ ತೀರ್ಮಾನವನ್ನೂ ಬದಲಿಸುತ್ತದೆ.

ಎಂ.ಎ. ತರಗತಿಯಲ್ಲಿ ಅಥವಾ ಸಂಶೋಧನೆಯ ಮೊದಲ ವರ್ಷದಲ್ಲಿ ವೈಯಕ್ತಿಕ ಆಯ್ಕೆ ಮತ್ತು ಪೈಪೋಟಿಯ ಮಾರುಕಟ್ಟೆಗಳ ಸಿದ್ಧಾಂತವನ್ನು ಓದುತ್ತಿರುವವರಿಗಾಗಿ ಈ ಮಾರ್ಗದರ್ಶಿಯನ್ನು ಬರೆಯಲಾಗಿದೆ. ಭಾಗಶಃ ಅವಕಲನ, ಲಗ್ರಾಂಜ್ ವಿಧಾನ ಮತ್ತು ಗಣಗಳ ಪ್ರಾಥಮಿಕ ಪರಿಚಯವಿದ್ದರೆ ಸಾಕು. ಅದರ ಜೊತೆಗೆ ಒಂದು ನೋಟುಪುಸ್ತಕ ಬೇಕು. ಪುಟದ ಎಡಗಡೆ ಊಹೆಯನ್ನೂ ಬಲಗಡೆ ಆ ಊಹೆಯಿಲ್ಲದೆ ಸಾಧಿಸಲಾಗದ ಫಲಿತಾಂಶವನ್ನೂ ಬರೆಯುತ್ತ ಹೋಗಿ. ಪ್ರಮೇಯಗಳನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಎಡವುವುದು ಸಾಮಾನ್ಯವಾಗಿ ಪ್ರಮೇಯದಲ್ಲಲ್ಲ, ಅದರ ಷರತ್ತಿನಲ್ಲಿ. ಕೆಳಗಿನ ದರಗಳೂ ಪ್ರಮಾಣಗಳೂ ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವ ದಿನದ ಮಾರುಕಟ್ಟೆಯ ವರದಿಯೂ ಅಲ್ಲ.

ಹೆಜ್ಜೆ 1: ಆದ್ಯತೆಯನ್ನು ಬರೆಯುವುದು

ಮೊದಲು ಆಯ್ಕೆಗೆ ಒಳಪಡುವ ಸರಕು ಸಮೂಹಗಳ ಗಣವನ್ನು ಗುರುತಿಸಿ, ಅದರ ಮೇಲೆ 'ಕನಿಷ್ಠ ಅಷ್ಟೇ ಒಳ್ಳೆಯದು' ಎಂಬ ಸಂಬಂಧವನ್ನು ಇರಿಸಿ. ಈ ಸಂಬಂಧಕ್ಕೆ ಪೂರ್ಣತೆ ಇರಬೇಕು, ಎಂದರೆ ಯಾವ ಎರಡು ಸಮೂಹಗಳನ್ನು ಮುಂದಿಟ್ಟರೂ ವ್ಯಕ್ತಿಗೆ ಹೋಲಿಸಲು ಬರಬೇಕು. ಸಂಕ್ರಮಣತೆಯೂ ಇರಬೇಕು, ಎಂದರೆ ಮೊದಲನೆಯದು ಎರಡನೆಯದಕ್ಕಿಂತ, ಎರಡನೆಯದು ಮೂರನೆಯದಕ್ಕಿಂತ ಕಡಿಮೆಯಲ್ಲವಾದರೆ ಮೊದಲನೆಯದು ಮೂರನೆಯದಕ್ಕಿಂತಲೂ ಕಡಿಮೆಯಾಗಬಾರದು. ಇವೆರಡೂ ಕೂಡಿದರೆ ಅದನ್ನೇ ವಿವೇಕಯುತ ಆದ್ಯತೆ ಎನ್ನುತ್ತಾರೆ. ಇಲ್ಲಿನ ವಿವೇಕಕ್ಕೆ ಜಾಣತನದೊಂದಿಗಾಗಲೀ ಸ್ವಾರ್ಥದೊಂದಿಗಾಗಲೀ ಸಂಬಂಧವಿಲ್ಲ. ಮಠಕ್ಕೆ ದಾನ ಕೊಡುವುದನ್ನೇ ಎಲ್ಲಕ್ಕಿಂತ ಮೇಲೆಂದು ಎಣಿಸುವ ತೋಟಿಗನೂ ಈ ಅರ್ಥದಲ್ಲಿ ಪೂರ್ತಿ ವಿವೇಕಿ.

ಹೆಜ್ಜೆ 2: ತುಷ್ಟಿಗುಣ ಫಲನ ಇದೆಯೇ ಎಂದು ಪರೀಕ್ಷಿಸುವುದು

ಪೂರ್ಣತೆ ಮತ್ತು ಸಂಕ್ರಮಣತೆ ಇದ್ದ ಮಾತ್ರಕ್ಕೆ ಮೇಲಾದ ಸಮೂಹಕ್ಕೆ ದೊಡ್ಡ ಸಂಖ್ಯೆ ಬರುವಂತೆ ಆದ್ಯತೆಗೆ ಸಂಖ್ಯೆಗಳನ್ನು ಹಚ್ಚಲು (ಇದೇ ತುಷ್ಟಿಗುಣ ಫಲನ) ಸಾಧ್ಯವಾಗುವುದಿಲ್ಲ. ನಿರಂತರತೆಯೂ ಬೇಕು, ಎಂದರೆ ಸಮೂಹಗಳಲ್ಲಿ ತೀರಾ ಸಣ್ಣ ಬದಲಾವಣೆಯಾದಾಗ ಆದ್ಯತೆ ಹಠಾತ್ತನೆ ತಲೆಕೆಳಗಾಗಬಾರದು. ಈ ಮೂರೂ ಇದ್ದರೆ ನಿರಂತರವಾದ ತುಷ್ಟಿಗುಣ ಫಲನವೊಂದು ದೊರೆಯುತ್ತದೆ ಎಂಬುದನ್ನು ಡೆಬ್ರೂ 1954ರಲ್ಲಿ ಸಾಧಿಸಿದರು.

ನಿರಂತರತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಾರವಾರದ ಮೀನು ಮಾರುಕಟ್ಟೆಯಲ್ಲಿ ನಿಂತು ಯೋಚಿಸಬಹುದು. ಒಬ್ಬ ಗ್ರಾಹಕಿ ಮೊದಲು ಮೀನಿನ ತಾಜಾತನವನ್ನಷ್ಟೇ ನೋಡುತ್ತಾಳೆ, ಎರಡು ಮೀನುಗಳು ತಾಜಾತನದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಮವಾಗಿದ್ದರೆ ಮಾತ್ರ ಗಾತ್ರವನ್ನು ನೋಡುತ್ತಾಳೆ ಎನ್ನೋಣ. ಈ ನಿಘಂಟು ಕ್ರಮದ ಆದ್ಯತೆ ಪೂರ್ಣವೂ ಹೌದು, ಸಂಕ್ರಮಣವೂ ಹೌದು, ಆದರೆ ಇದನ್ನು ಯಾವ ತುಷ್ಟಿಗುಣ ಫಲನವೂ ಪ್ರತಿನಿಧಿಸಲಾರದು. ಸಾಧನೆ ಚಿಕ್ಕದು, ಕೈಯಾರೆ ಬರೆಯಿರಿ. ತಾಜಾತನದ ಪ್ರತಿ ಮಟ್ಟಕ್ಕೂ ಸಣ್ಣ ಮೀನಿನ ತುಷ್ಟಿಗುಣದಿಂದ ದೊಡ್ಡ ಮೀನಿನ ತುಷ್ಟಿಗುಣದವರೆಗೆ ಒಂದು ಅಂತರವಿರುತ್ತದೆ. ಬೇರೆ ಬೇರೆ ಮಟ್ಟಗಳ ಅಂತರಗಳು ಒಂದರ ಮೇಲೊಂದು ಬರುವುದಿಲ್ಲ. ಪ್ರತಿ ಅಂತರದೊಳಗೂ ಒಂದು ಭಾಗಲಬ್ಧ ಸಂಖ್ಯೆ ಇದ್ದೇ ಇರುತ್ತದೆ. ಹಾಗಾದರೆ ತಾಜಾತನದ ಮಟ್ಟಗಳಷ್ಟೇ ಭಾಗಲಬ್ಧ ಸಂಖ್ಯೆಗಳಿರಬೇಕಾಗುತ್ತದೆ. ಮಟ್ಟಗಳು ಎಣಿಕೆಗೆ ಸಿಗದಷ್ಟಿವೆ, ಭಾಗಲಬ್ಧ ಸಂಖ್ಯೆಗಳಾದರೋ ಎಣಿಕೆಗೆ ಸಿಗುವಂಥವು. ವಿರೋಧ ಬಂತು, ಸಾಧನೆ ಮುಗಿಯಿತು.

ಹೆಜ್ಜೆ 3: ಖರೀದಿಯಿಂದ ಆದ್ಯತೆಗೆ ಹಿಂದಿರುಗುವುದು

ಆದ್ಯತೆ ಕಣ್ಣಿಗೆ ಕಾಣುವುದಿಲ್ಲ, ಖರೀದಿ ಕಾಣುತ್ತದೆ. 1938ರಲ್ಲಿ ಸ್ಯಾಮ್ಯುಯೆಲ್ಸನ್ ತೋರಿಸಿದ ದಾರಿ ಇದು: ಒಂದು ಸಮೂಹ ಕೈಗೆಟಕುವಂತಿದ್ದಾಗಲೂ ಬೇರೊಂದನ್ನು ಆರಿಸಿದವರು, ಆರಿಸಿದ್ದನ್ನೇ ಮೇಲೆಂದು ಪ್ರಕಟಪಡಿಸಿದ್ದಾರೆ, ಮುಂದೆ ಯಾವಾಗಲಾದರೂ ಆ ಮೇಲಿನದ್ದು ಕೈಗೆಟಕುವಾಗ ಕೆಳಗಿನದ್ದನ್ನು ಆರಿಸಿದರೆ ದುರ್ಬಲ ಸ್ವಯಂಸಿದ್ಧ ನಿಯಮ ಮುರಿಯುತ್ತದೆ.

ಲೆಕ್ಕ ಹಾಕಿ ನೋಡಿ. ಮೊದಲ ವಾರ ಬಂಗಡೆ ಕಿಲೋಗೆ 200 ರೂಪಾಯಿ, ತಾರ್ಲೆ 100 ರೂಪಾಯಿ. ಒಂದು ಕುಟುಂಬ 2 ಕಿಲೋ ಬಂಗಡೆ, 1 ಕಿಲೋ ತಾರ್ಲೆ ಕೊಂಡು 500 ರೂಪಾಯಿ ಕೊಡುತ್ತದೆ. ಮರುವಾರ ಬಂಗಡೆ 100, ತಾರ್ಲೆ 200. ಅದೇ ಕುಟುಂಬ 1 ಕಿಲೋ ಬಂಗಡೆ, 2 ಕಿಲೋ ತಾರ್ಲೆ ಕೊಂಡು ಮತ್ತೆ 500 ಕೊಡುತ್ತದೆ. ಮೊದಲ ವಾರದ ದರದಲ್ಲಿ ಎರಡನೆಯ ಸಮೂಹದ ಬೆಲೆ 400 ಮಾತ್ರ. ಎರಡನೆಯ ವಾರದ ದರದಲ್ಲಿ ಮೊದಲ ಸಮೂಹದ ಬೆಲೆಯೂ 400 ಮಾತ್ರ. ಎರಡೂ ಕಡೆ ಇನ್ನೊಂದು ಅಗ್ಗವಾಗಿ ಸಿಗುತ್ತಿದ್ದರೂ ಬಿಟ್ಟಿದ್ದಾರೆ, ಆದ್ದರಿಂದ ನಿಯಮ ಮುರಿದಿದೆ. ಇಂಥ ಅಂಕಿಗಳು ಸಿಕ್ಕಾಗ ಕುಟುಂಬವನ್ನು ಅವಿವೇಕಿ ಎಂದು ಘೋಷಿಸುವ ಮೊದಲು ಎರಡೂ ವಾರ ಮೀನಿನ ಗುಣಮಟ್ಟ ಒಂದೇ ಆಗಿತ್ತೇ, ಮನೆಯಲ್ಲಿ ಊಟಕ್ಕೆ ಕುಳಿತವರು ಅಷ್ಟೇ ಇದ್ದರೇ ಎಂದು ವಿಚಾರಿಸುವುದು ಒಳ್ಳೆಯ ಅರ್ಥಶಾಸ್ತ್ರ.

ಎರಡೇ ಸರಕುಗಳಿದ್ದಾಗ ದುರ್ಬಲ ನಿಯಮ ಸಾಕಾಗುತ್ತದೆ. ಮೂರು ಅಥವಾ ಹೆಚ್ಚು ಸರಕುಗಳಿದ್ದರೆ ಆಯ್ಕೆಗಳ ಸರಣಿ ಸುತ್ತಿ ಬಂದು ಮೊದಲಿನದಕ್ಕೇ ಸೇರುವ ಅಪಾಯವಿರುವುದರಿಂದ 1950ರಲ್ಲಿ ಹೌತಾಕ್ಕರ್ ನೀಡಿದ ಪ್ರಬಲ ನಿಯಮ ಬೇಕಾಗುತ್ತದೆ. ನೋಟುಪುಸ್ತಕದಲ್ಲಿ ಇಲ್ಲಿ ಬರೆದುಕೊಳ್ಳಬೇಕಾದ ಮಹತ್ವದ ಸಾಲು ಆಫ್ರಿಯಾಟ್ ಅವರ 1967ರ ಪ್ರಮೇಯ: ಮಿತ ಸಂಖ್ಯೆಯ ಖರೀದಿಗಳ ಅಂಕಿಗಳು ಸಾಮಾನ್ಯೀಕೃತ ನಿಯಮವನ್ನು (ಸಮಾನವೆನಿಸುವ ಆಯ್ಕೆಗಳಿಗೂ ಅವಕಾಶ ಕೊಡುವ, ಪ್ರಬಲ ನಿಯಮದ ಸಡಿಲ ರೂಪವನ್ನು) ಪಾಲಿಸಿದರೆ ಅವನ್ನು ವಿವರಿಸುವ ನಿರಂತರ, ಏರುವ ಮತ್ತು ನಿಮ್ನವಾದ ತುಷ್ಟಿಗುಣ ಫಲನ ತಾನಾಗಿ ದೊರೆಯುತ್ತದೆ. ಎಂದರೆ, ಔದಾಸೀನ್ಯ ವಕ್ರರೇಖೆಗಳ (ಸಮಾನ ತೃಪ್ತಿಯ ಸಮೂಹಗಳನ್ನು ಜೋಡಿಸುವ ರೇಖೆಗಳ) ಪೀನತೆಯನ್ನು, ಎಂದರೆ ಎರಡು ಸಮಾನ ಸಮೂಹಗಳ ಮಿಶ್ರಣ ಅವೆರಡಕ್ಕಿಂತ ಕಡಿಮೆಯಾಗದು ಎಂಬ ಗುಣವನ್ನು, ಇಂಥ ಅಂಕಿಗಳಿಂದ ಸುಳ್ಳೆಂದು ತೋರಿಸಲು ಬರುವುದೇ ಇಲ್ಲ. ಗ್ರಾಹಕ ಸಿದ್ಧಾಂತದಲ್ಲಿ ಹೀಗೆ ಖರ್ಚಿಲ್ಲದೆ ಬರುವ ಪೀನತೆ, ಮುಂದೆ ಸಮತೋಲದ ಅಸ್ತಿತ್ವಕ್ಕೆ ಬಂದಾಗ ನಿಜವಾಗಿಯೂ ದುಡಿಯಲು ಆರಂಭಿಸುತ್ತದೆ.

ಹೆಜ್ಜೆ 4: ಒಂದೇ ಸಮಸ್ಯೆಯನ್ನು ಎರಡು ಕಡೆಯಿಂದ ಬಿಡಿಸುವುದು

ನಿಗದಿತ ಹಣದಲ್ಲಿ ತುಷ್ಟಿಗುಣವನ್ನು ಗರಿಷ್ಠಗೊಳಿಸಿದರೆ ಸಾಮಾನ್ಯ ಬೇಡಿಕೆಯೂ ಪರೋಕ್ಷ ತುಷ್ಟಿಗುಣವೂ ದೊರೆಯುತ್ತವೆ. ನಿಗದಿತ ತುಷ್ಟಿಗುಣಕ್ಕಾಗಿ ಖರ್ಚನ್ನು ಕನಿಷ್ಠಗೊಳಿಸಿದರೆ ಪರಿಹಾರಿತ ಬೇಡಿಕೆಯೂ ವೆಚ್ಚ ಫಲನವೂ ದೊರೆಯುತ್ತವೆ. ವೆಚ್ಚ ಫಲನವನ್ನು ದರದಿಂದ ಅವಕಲಿಸಿದರೆ ಪರಿಹಾರಿತ ಬೇಡಿಕೆ ಬರುವುದು ಶೆಫರ್ಡ್ ಅವರ ಉಪಪ್ರಮೇಯ. ಪರೋಕ್ಷ ತುಷ್ಟಿಗುಣದಿಂದ ಸಾಮಾನ್ಯ ಬೇಡಿಕೆಯನ್ನು ಪಡೆಯುವುದು ರಾಯ್ ಅವರ ಸಮೀಕರಣ. ವೆಚ್ಚ ಫಲನ ದರಗಳಲ್ಲಿ ನಿಮ್ನವಾಗಿರುತ್ತದೆ ಎಂಬ ಒಂದು ಸಂಗತಿಯಿಂದಲೇ ಪರಿಹಾರಿತ ಬೇಡಿಕೆ ದರ ಏರಿದಾಗ ಹೆಚ್ಚಲಾರದು ಎಂಬುದು ಹೊರಬೀಳುತ್ತದೆ, ಮತ್ತು ಈ ನಿಮ್ನತೆಗೆ ಆದ್ಯತೆಗಳ ಪೀನತೆ ಬೇಕಾಗಿಲ್ಲ. ಪರೀಕ್ಷಕರು ಇಷ್ಟಪಟ್ಟು ಕೇಳುವ ಪ್ರಶ್ನೆ ಇದು. ಯಾಂತ್ರಿಕ ಲೆಕ್ಕಗಳಿಗೆ ಯಾವುದೇ ಪಠ್ಯ ಸಾಕು.

ಹೆಜ್ಜೆ 5: ಬೆಳೆಗಾರನ ಉಗ್ರಾಣ

ಈಗ ಆರಂಭದ ಪ್ರಶ್ನೆಗೆ ಬರೋಣ. ಚಾಲಿ ಎಂದರೆ ಹಣ್ಣಡಿಕೆಯನ್ನು ಬಿಸಿಲಿನಲ್ಲಿ ಒಣಗಿಸಿ ಸುಲಿದ ಅಡಿಕೆ. ಚೆನ್ನಾಗಿ ಒಣಗಿದ್ದರೆ ಇಟ್ಟು ಮಾರಬಹುದು. ಬೆಳೆಗಾರನ ಬಳಿ 20 ಕ್ವಿಂಟಲ್ ಇದೆ. ಸ್ವಲ್ಪವನ್ನು ಈಗ ಮಾರಿ ಈ ವರ್ಷದ ಖರ್ಚಿಗೆ ಬಳಸುತ್ತಾನೆ, ಉಳಿದದ್ದನ್ನು ಮುಂದಿನ ವರ್ಷ ಮಾರಿ ಆ ವರ್ಷದ ಖರ್ಚಿಗೆ ಬಳಸುತ್ತಾನೆ. ಮುಂದಿನ ದರ ಕ್ವಿಂಟಲ್‌ಗೆ 57,600 ರೂಪಾಯಿ ಎಂದು ಅವನಿಗೆ ಖಚಿತವಾಗಿ ತಿಳಿದಿದೆ, ಸಾಲ ಸಿಗುವುದಿಲ್ಲ, ಎರಡೂ ವರ್ಷಗಳ ಖರ್ಚಿಗೆ ಸಮಾನ ತೂಕ ಕೊಡುತ್ತಾನೆ ಎಂಬ ಮೂರು ಊಹೆಗಳನ್ನು ಎಡಗಡೆ ಬರೆದುಕೊಳ್ಳಿ.

ತುಷ್ಟಿಗುಣವನ್ನು ಎರಡು ವರ್ಷಗಳ ಖರ್ಚುಗಳ ವ್ಯುತ್ಕ್ರಮಗಳ ಮೊತ್ತದ ಋಣ ಚಿಹ್ನೆಯಾಗಿ ಇಟ್ಟುಕೊಂಡರೆ ಬದಲಿಕೆಯ ಸ್ಥಿತಿಸ್ಥಾಪಕತ್ವ ಅರ್ಧವಾಗುತ್ತದೆ. ಎಂದರೆ ಒಂದು ವರ್ಷದ ಊಟ, ಮಕ್ಕಳ ಶುಲ್ಕ, ಕೊನೆಗೌಡನ (ಅಡಿಕೆ ಕೊನೆ ಕೊಯ್ಯುವವನ) ಕೂಲಿ ಇವನ್ನು ಇನ್ನೊಂದು ವರ್ಷಕ್ಕೆ ತಳ್ಳಲು ಅವನಿಗೆ ಅಷ್ಟಾಗಿ ಮನಸ್ಸಿಲ್ಲ. ಮೊದಲ ದರ್ಜೆಯ ಷರತ್ತನ್ನು ಬರೆದರೆ ಇಷ್ಟು ಬರುತ್ತದೆ:

ಉಳಿಸಿದ್ದು ÷ ಮಾರಿದ್ದು = √(ಇಂದಿನ ದರ ÷ ಮುಂದಿನ ದರ)

ಇಂದಿನ ದರ 40,000 ಆಗಿದ್ದರೆ ಬಲಗಡೆಯ ಮೌಲ್ಯ 20/24, ಮಾರಾಟ 10.91 ಕ್ವಿಂಟಲ್, ಈ ವರ್ಷದ ಕೈಗೆ ಬರುವ ಹಣ ಸುಮಾರು 4.36 ಲಕ್ಷ. ದರ 48,400ಕ್ಕೆ ಏರಿದರೆ ಮೌಲ್ಯ 22/24, ಮಾರಾಟ 10.43 ಕ್ವಿಂಟಲ್, ಹಣ ಸುಮಾರು 5.05 ಲಕ್ಷ. ದರ ನೂರಕ್ಕೆ 21ರಷ್ಟು ಏರಿತು, ಮಾರುಕಟ್ಟೆಗೆ ಬಂದ ಅಡಿಕೆ ಕಡಿಮೆಯಾಯಿತು.

ಸಿದ್ಧಾಂತ ಮುರಿಯಿತೆಂದು ಇಲ್ಲಿ ಅನೇಕರು ಗಾಬರಿಯಾಗುತ್ತಾರೆ. ಮುರಿದಿಲ್ಲ. ಬೆಳೆಗಾರ ಅಡಿಕೆ ಕೊಟ್ಟು ಕೊಳ್ಳುತ್ತಿರುವ ಸರಕು 'ಈ ವರ್ಷದ ಖರ್ಚು'. ಆ ಸರಕಿನ ಒಂದು ರೂಪಾಯಿಗೆ ಕೊಡಬೇಕಾದ ಅಡಿಕೆ ಕಡಿಮೆಯಾಗಿದೆ, ಆದ್ದರಿಂದ ಅದನ್ನು ಹೆಚ್ಚು ಕೊಂಡಿದ್ದಾನೆ. ಬೇಡಿಕೆಯ ನಿಯಮ ಅಚ್ಚುಕಟ್ಟಾಗಿ ನಿಂತಿದೆ. ಹೆಚ್ಚು ಕೊಂಡರೂ ಕೊಡಬೇಕಾದ ಅಡಿಕೆ ತಗ್ಗಿದೆ ಅಷ್ಟೇ.

ದರದ ಪರಿಣಾಮವನ್ನು ಬದಲಿಕೆ ಮತ್ತು ಆದಾಯ ಎಂದು ಎರಡಾಗಿ ಒಡೆಯುವ, 1915ರಲ್ಲಿ ಸ್ಲಟ್ಸ್ಕಿ ಮಾಡಿದ ವಿಭಜನೆಯನ್ನು ಇಲ್ಲಿ ಹಿಕ್ಸ್ ಅವರ ರೀತಿಯಲ್ಲಿ ಕೈಯಾರೆ ಮಾಡಿ. ಹೊಸ ದರದಲ್ಲಿ ಹಳೆಯ ತುಷ್ಟಿಗುಣವನ್ನೇ ಮುಟ್ಟಲು ಎಷ್ಟು ಅಡಿಕೆ ಬೇಕು ಎಂದು ಕೇಳಿದರೆ ಉತ್ತರ 18.07 ಕ್ವಿಂಟಲ್, ಆಗ ಈ ವರ್ಷದ ಖರ್ಚು 4.56 ಲಕ್ಷವಾಗುತ್ತದೆ. ಹೀಗಾಗಿ 4.36ರಿಂದ 4.56 ಲಕ್ಷಕ್ಕೆ ಏರಿದ್ದು ಬದಲಿಕೆ ಪರಿಣಾಮ, 4.56ರಿಂದ 5.05 ಲಕ್ಷಕ್ಕೆ ಏರಿದ್ದು ಆದಾಯ ಪರಿಣಾಮ. ಇನ್ನುಳಿದ 1.93 ಕ್ವಿಂಟಲ್ ಅಡಿಕೆಯೇ ದರ ಏರಿಕೆಯಿಂದ ಅವನಿಗಾದ ಲಾಭದ ಅಳತೆ. ಅಷ್ಟನ್ನು ಅವನಿಂದ ತೆಗೆದುಕೊಂಡರೆ ಅವನು ಮೊದಲಿದ್ದಲ್ಲಿಗೇ ಬರುತ್ತಾನೆ.

ಹೆಜ್ಜೆ 6: ಸಾಲದ ಬಾಗಿಲು ತೆರೆದು ಮತ್ತೆ ಲೆಕ್ಕ ಹಾಕುವುದು

ಈಗ ಒಂದೇ ಊಹೆಯನ್ನು ಬದಲಿಸಿ. ಸೊಸೈಟಿಯಲ್ಲಿ ವಾರ್ಷಿಕ 12 ಶೇಕಡಾ ಬಡ್ಡಿಗೆ ಬೇಕಾದಷ್ಟು ಸಾಲ ಸಿಗುತ್ತದೆ ಎನ್ನಿ. 40,000ದ ದರದಲ್ಲಿ ಅಡಿಕೆಯನ್ನು ಇಟ್ಟುಕೊಂಡರೆ ವರ್ಷಕ್ಕೆ 44 ಶೇಕಡಾ ಗಳಿಕೆ, 48,400ರಲ್ಲಿ 19 ಶೇಕಡಾ. ಎರಡೂ ಬಡ್ಡಿಗಿಂತ ಹೆಚ್ಚು. ಆದ್ದರಿಂದ ಅವನು ಒಂದು ಕಿಲೋವನ್ನೂ ಮಾರದೆ ಸಾಲದ ಮೇಲೆ ವರ್ಷ ಕಳೆಯುತ್ತಾನೆ. 57,600ನ್ನು 1.12ರಿಂದ ಭಾಗಿಸಿದರೆ ಬರುವ 51,429 ರೂಪಾಯಿ ಇಲ್ಲಿನ ಗಡಿ. ಠೇವಣಿಯ ಬಡ್ಡಿಯೂ 12 ಶೇಕಡಾ ಆಗಿದ್ದರೆ ದರ ಆ ಗಡಿ ದಾಟಿದ ಕ್ಷಣ ಪೂರ್ತಿ 20 ಕ್ವಿಂಟಲ್ ಹೊರಬರುತ್ತದೆ. ಹಿಂದಕ್ಕೆ ಬಾಗಿದ್ದ ಪೂರೈಕೆ ರೇಖೆ ಈಗ ಮೆಟ್ಟಿಲಾಗಿದೆ. ಅವನ ಆದ್ಯತೆಗಳು ಎಷ್ಟು ಸಾಲ ಮಾಡಬೇಕೆಂಬುದನ್ನು ನಿರ್ಧರಿಸುತ್ತವೆಯೇ ಹೊರತು ಎಷ್ಟು ಮಾರಬೇಕೆಂಬುದನ್ನಲ್ಲ. ಇದೇ ಫಿಶರ್ ಅವರ ಹೆಸರಿನ ಪ್ರತ್ಯೇಕತೆಯ ಪ್ರಮೇಯ.

ವಾಸ್ತವದಲ್ಲಿ ಠೇವಣಿಗೆ ಸಿಗುವ ಬಡ್ಡಿ ಸಾಲದ ಬಡ್ಡಿಗಿಂತ ಕಡಿಮೆ. ಠೇವಣಿಗೆ 6 ಶೇಕಡಾ ಎಂದುಕೊಂಡರೆ ಇನ್ನೊಂದು ಗಡಿ 54,340 ರೂಪಾಯಿಯ ಹತ್ತಿರ ಬರುತ್ತದೆ. ಈ ಎರಡು ಗಡಿಗಳ ನಡುವೆ ಸಾಲವೂ ಲಾಭವಲ್ಲ, ಠೇವಣಿಯೂ ಲಾಭವಲ್ಲ, ಹಾಗಾಗಿ ಐದನೆಯ ಹೆಜ್ಜೆಯ ಲೆಕ್ಕವೇ ಮತ್ತೆ ಜಾರಿಗೆ ಬರುತ್ತದೆ. ಮುಂದಿನ ದರ ಖಚಿತವಿಲ್ಲದಿದ್ದರೆ ಅಪಾಯದ ಬಗೆಗಿನ ಮನೋಭಾವವೂ ಒಳಸೇರುತ್ತದೆ. ಅಡಿಕೆ ಆವಕ ಕಡಿಮೆಯಾದ ಕೂಡಲೇ 'ಬೆಳೆಗಾರರು ದುರಾಸೆಯಿಂದ ದಾಸ್ತಾನು ಮಾಡಿದ್ದಾರೆ' ಎಂದು ಬರೆಯುವವರು, ಆ ಬೆಳೆಗಾರರಲ್ಲಿ ಎಷ್ಟು ಜನರಿಗೆ ಸಾಲದ ಬಾಗಿಲು ತೆರೆದಿದೆ ಎಂದು ಕೇಳಿದ್ದನ್ನು ನಾನು ಕಂಡಿಲ್ಲ.

ಹೆಜ್ಜೆ 7: ವ್ಯಕ್ತಿಗಳನ್ನು ಕೂಡಿಸುವುದು

ಎಲ್ಲರ ಬೇಡಿಕೆಯನ್ನು ಕೂಡಿಸಿ, ಇರುವ ಸರಕನ್ನು ಕಳೆದರೆ ಅತಿಬೇಡಿಕೆ ಫಲನ ದೊರೆಯುತ್ತದೆ. ಎಲ್ಲ ದರಗಳನ್ನೂ ಒಂದೇ ಪ್ರಮಾಣದಲ್ಲಿ ಹೆಚ್ಚಿಸಿದರೆ ಇದು ಬದಲಾಗುವುದಿಲ್ಲ, ಮತ್ತು ವಾಲ್ರಾಸ್ ನಿಯಮದಂತೆ ಇದರ ಒಟ್ಟು ಮೌಲ್ಯ ಸದಾ ಸೊನ್ನೆ. ಇಷ್ಟರ ಹೊರತು ವೈಯಕ್ತಿಕ ವಿವೇಕದಿಂದ ಮಾರುಕಟ್ಟೆಗೆ ಇನ್ನೇನು ದಾಟಿ ಬರುತ್ತದೆ? ಬಹುಮಟ್ಟಿಗೆ ಏನೂ ಇಲ್ಲ. 1970ರ ದಶಕದ ಆರಂಭದಲ್ಲಿ ಸೊನ್ನೆನ್‌ಶೈನ್, ಮಾಂಟೆಲ್ ಮತ್ತು ಡೆಬ್ರೂ ಸಾಧಿಸಿದಂತೆ, ಈ ಎರಡು ಗುಣಗಳೂ ನಿರಂತರತೆಯೂ ಇರುವ ಯಾವುದೇ ಫಲನವನ್ನು, ದರಗಳು ಸೊನ್ನೆಗೆ ತೀರಾ ಹತ್ತಿರವಾಗದ ವಲಯದಲ್ಲಿ, ಸಭ್ಯ ಆದ್ಯತೆಗಳುಳ್ಳ ಜನರ ಅತಿಬೇಡಿಕೆಯಾಗಿ ಕಟ್ಟಬಹುದು. ಎಲ್ಲರ ಆದಾಯ-ಬೇಡಿಕೆ ರೇಖೆಗಳೂ ನೇರವಾಗಿ, ಪರಸ್ಪರ ಸಮಾಂತರವಾಗಿದ್ದರೆ ಮಾತ್ರ ಇಡೀ ಊರನ್ನು ಒಬ್ಬ ಗ್ರಾಹಕನಂತೆ ಕಾಣಬಹುದು ಎಂಬುದು ಗೋರ್ಮನ್ ಅವರ ಷರತ್ತು. 'ಪ್ರಾತಿನಿಧಿಕ ಗ್ರಾಹಕ' ಎಂಬ ಪದ ಕಂಡಲ್ಲೆಲ್ಲ ಈ ಷರತ್ತನ್ನು ಎಡಗಡೆಯಲ್ಲಿ ಬರೆಯಿರಿ.

ಹೆಜ್ಜೆ 8: ಸಮತೋಲವನ್ನು ಕಂಡುಹಿಡಿಯುವುದು

ಕರಾವಳಿಯ ಸಾಣಿಕಟ್ಟೆಯ ಉಪ್ಪು ಮತ್ತು ಘಟ್ಟದ ಮೇಲಿನ ಕಾಳುಮೆಣಸನ್ನು ತೆಗೆದುಕೊಳ್ಳಿ. ಕರಾವಳಿಯವರ ಬಳಿ 12 ಮೂಟೆ ಉಪ್ಪು, ಶಿರಸಿಯವರ ಬಳಿ 6 ಕಿಲೋ ಮೆಣಸು. ಕರಾವಳಿಯವರು ತಮ್ಮ ಸಂಪತ್ತಿನ ಅರ್ಧವನ್ನು ಒಂದೊಂದಕ್ಕೆ ಖರ್ಚು ಮಾಡುತ್ತಾರೆ. ಶಿರಸಿಯವರು ಮೂರರಲ್ಲಿ ಎರಡು ಪಾಲನ್ನು ಉಪ್ಪಿಗೆ, ಒಂದು ಪಾಲನ್ನು ಮೆಣಸಿಗೆ. ಉಪ್ಪಿನ ದರವನ್ನು 1 ಎಂದಿಟ್ಟುಕೊಂಡರೆ ಕರಾವಳಿಯವರಿಗೆ 6 ಮೂಟೆ ಉಪ್ಪು ಬೇಕು, ಶಿರಸಿಯವರಿಗೆ ಮೆಣಸಿನ ದರದ ನಾಲ್ಕು ಪಟ್ಟು. ಎರಡರ ಮೊತ್ತ 12 ಆಗಬೇಕು, ಆದ್ದರಿಂದ ಮೆಣಸಿನ ದರ ಒಂದೂವರೆ. ಮೆಣಸಿನ ಮಾರುಕಟ್ಟೆಯನ್ನು ಬೇರೆಯಾಗಿ ಬಿಡಿಸಬೇಕಿಲ್ಲ, ವಾಲ್ರಾಸ್ ನಿಯಮ ಅದನ್ನು ನೋಡಿಕೊಳ್ಳುತ್ತದೆ: ಕರಾವಳಿಗೆ 4 ಕಿಲೋ, ಶಿರಸಿಗೆ 2 ಕಿಲೋ. ಅಂಚಿನ ಬದಲಿಕೆ ದರ (ಇನ್ನಷ್ಟು ಮೆಣಸಿಗಾಗಿ, ಕಿಲೋಗೆ ಇಷ್ಟೆಂದು ಬಿಟ್ಟುಕೊಡಲು ಒಪ್ಪುವ ಉಪ್ಪಿನ ಮೂಟೆ) ಇಬ್ಬರಿಗೂ ಒಂದೂವರೆಯೇ ಬರುತ್ತದೆಯೇ ಎಂದು ಪರಿಶೀಲಿಸಿ.

ಇಂಥ ಆದ್ಯತೆಗಳಲ್ಲಿ ಸರಕುಗಳು ಪರಸ್ಪರ ಬದಲಿಗಳಾಗಿರುವುದರಿಂದ ಸಮತೋಲ ಒಂದೇ. ಐದನೆಯ ಹೆಜ್ಜೆಯಂಥ ಹಿಂದಕ್ಕೆ ಬಾಗಿದ ಪೂರೈಕೆಗಳು ಸೇರಿದರೆ ಒಂದಕ್ಕಿಂತ ಹೆಚ್ಚು ಸಮತೋಲಗಳಿರಬಹುದು. ಸಾಮಾನ್ಯ ಸಂದರ್ಭದಲ್ಲಿ ಕನಿಷ್ಠ ಒಂದಾದರೂ ಇದೆ ಎಂಬುದನ್ನು 1954ರಲ್ಲಿ ಆರೋ ಮತ್ತು ಡೆಬ್ರೂ ಸಾಧಿಸಿದರು. ಕಾಕುತಾನಿಯವರ ಸ್ಥಿರಬಿಂದು ಪ್ರಮೇಯ ಅಲ್ಲಿ ಬಳಕೆಯಾಗುವುದರಿಂದ ಪೀನತೆ ಅನಿವಾರ್ಯವಾಗುತ್ತದೆ.

ಇಬ್ಬರೇ ಇರುವಾಗ ದರವನ್ನು ಕೊಟ್ಟದ್ದೆಂದು ಸ್ವೀಕರಿಸುತ್ತಾರೆ ಎನ್ನುವುದು ನಗು ಬರಿಸುವ ಊಹೆ. 1963ರಲ್ಲಿ ಡೆಬ್ರೂ ಮತ್ತು ಸ್ಕಾರ್ಫ್, ಎರಡೂ ಬಗೆಯ ಜನರ ಸಂಖ್ಯೆಯನ್ನು ಹೆಚ್ಚಿಸುತ್ತ ಹೋದಂತೆ ಯಾವ ಗುಂಪೂ ಬೇರೆಯಾಗಿ ತನ್ನ ಸರಕಿನಲ್ಲೇ ಇನ್ನೂ ಒಳ್ಳೆಯದನ್ನು ಮಾಡಿಕೊಂಡು ಒಡೆಯಲಾಗದ ಹಂಚಿಕೆಗಳು ಪೈಪೋಟಿಯ ಹಂಚಿಕೆಗಳಿಗೇ ಕುಗ್ಗುತ್ತವೆ ಎಂದು ತೋರಿಸಿ ಈ ಊಹೆಗೆ ಆಧಾರ ಕೊಟ್ಟರು. ಅಡಿಕೆಯ ಟೆಂಡರಿನಲ್ಲಿ ಬೆಳೆಗಾರರು ಸಾವಿರಾರು, ದರ ಬರೆಯುವ ವ್ಯಾಪಾರಿಗಳು ಕೆಲವೇ ಜನ. ಮಾರುವವರ ಕಡೆಗೆ ಪೈಪೋಟಿಯ ಮಾದರಿ ಹೊಂದುತ್ತದೆ. ಕೊಳ್ಳುವವರ ಕಡೆಗೆ ಹರಾಜಿನ ಸಿದ್ಧಾಂತವನ್ನು ತೆರೆಯಬೇಕಾಗುತ್ತದೆ.

ಹೆಜ್ಜೆ 9: ಕಲ್ಯಾಣ ಪ್ರಮೇಯಗಳ ಷರತ್ತುಗಳನ್ನು ಓದುವುದು

ಮೊದಲ ಕಲ್ಯಾಣ ಪ್ರಮೇಯದ ಪ್ರಕಾರ ಪೈಪೋಟಿಯ ಸಮತೋಲದಲ್ಲಿ ಒಬ್ಬರಿಗೆ ಕೆಡುಕಾಗದೆ ಇನ್ನೊಬ್ಬರಿಗೆ ಒಳಿತು ಮಾಡಲು ಬರುವುದಿಲ್ಲ. ಇದಕ್ಕೆ ಪೀನತೆ ಬೇಕಿಲ್ಲ, ಯಾವ ಸಮೂಹದ ಸಮೀಪದಲ್ಲೂ ಅದಕ್ಕಿಂತ ಮೇಲಾದದ್ದೊಂದು ಇದ್ದೇ ಇರುತ್ತದೆ ಎಂಬ ಅತೃಪ್ತಿಯ ಊಹೆ ಸಾಕು. ಎರಡನೆಯ ಪ್ರಮೇಯಕ್ಕೆ ಪೀನತೆ ಬೇಕು: ಸಂಪತ್ತನ್ನು ಮೊದಲೇ ಮರುಹಂಚಿದರೆ ಯಾವ ದಕ್ಷ ಹಂಚಿಕೆಯನ್ನಾದರೂ ಮಾರುಕಟ್ಟೆಯ ಮೂಲಕ ತಲುಪಬಹುದು. ಕರಾವಳಿಯವರಿಂದ 2 ಮೂಟೆ ಉಪ್ಪನ್ನು ಶಿರಸಿಯವರಿಗೆ ವರ್ಗಾಯಿಸಿ ಲೆಕ್ಕ ಮಾಡಿದರೆ ಮೆಣಸಿನ ದರ 17/12ಕ್ಕೆ ಇಳಿಯುತ್ತದೆ. ದರ ಹಂಚಿಕೆಯಿಂದ ಸ್ವತಂತ್ರವಲ್ಲ ಎಂಬುದು ಇದರಿಂದ ಕೈಗೆ ಸಿಗುವ ಪಾಠ.

ಮೊದಲ ಪ್ರಮೇಯದಲ್ಲಿ ಕಣ್ಣಿಗೆ ಬೀಳದೆ ಕುಳಿತಿರುವ ಊಹೆ, ಬೆಲೆ ಹೊರದೆ ಒಬ್ಬರ ಕೆಲಸ ಇನ್ನೊಬ್ಬರನ್ನು ತಟ್ಟುವುದಿಲ್ಲ ಎಂಬುದು. ಸಮುದ್ರದಲ್ಲಿ ಇದು ಕುಸಿಯುತ್ತದೆ. ದಕ್ಕೆಗೆ ಬಂದ ಮೇಲೆ ಬಂಗಡೆಗೆ ದರವಿದೆ. ನೀರಿನಲ್ಲಿ ಮೊಟ್ಟೆಯಿಡಲಿರುವ ಬಂಗಡೆಗೆ ದರವಿಲ್ಲ. ಒಂದು ಟ್ರಾಲರ್ ಅದನ್ನು ಇಂದು ಹಿಡಿದರೆ ಮುಂದಿನ ವರ್ಷ ಎಲ್ಲರ ಬಲೆಯಲ್ಲೂ ಆಗುವ ಕೊರತೆ ಯಾರ ಖಾತೆಗೂ ಬರುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ಇರುವ ನಿಷೇಧವನ್ನು ಈ ಚೌಕಟ್ಟಿನಲ್ಲಿ ಓದಬೇಕು: ಅದು ಪೈಪೋಟಿಯ ಮಾರುಕಟ್ಟೆಗೆ ಹಾಕಿದ ಅಡ್ಡಿಯಲ್ಲ, ಇಲ್ಲದ ಮಾರುಕಟ್ಟೆಯೊಂದರ ಬದಲಿಗೆ ಇಟ್ಟ ಒರಟು ಸಾಧನ. ಒರಟು ಏಕೆಂದರೆ ದಿನಗಳನ್ನು ಮಿತಿಗೊಳಿಸುತ್ತದೆ, ಉಳಿದ ಹತ್ತು ತಿಂಗಳಲ್ಲಿ ಹಿಡಿಯುವ ಪ್ರಮಾಣವನ್ನಲ್ಲ.

ಹೆಜ್ಜೆ 10: ಕೈಯಾರೆ ಮಾಡಬೇಕಾದ ಅಭ್ಯಾಸ

ಐದನೆಯ ಹೆಜ್ಜೆಯ ಲೆಕ್ಕವನ್ನು ಇನ್ನೆರಡು ತುಷ್ಟಿಗುಣ ಫಲನಗಳೊಂದಿಗೆ ಮಾಡಿ. ಎರಡು ಖರ್ಚುಗಳ ಲಾಗರಿತಮ್‌ಗಳ ಮೊತ್ತವನ್ನು ಇಟ್ಟುಕೊಂಡರೆ ದರ ಏನೇ ಇರಲಿ ಮಾರಾಟ 10 ಕ್ವಿಂಟಲ್‌ಗೇ ನಿಲ್ಲಬೇಕು. ವರ್ಗಮೂಲಗಳ ಮೊತ್ತವನ್ನು ಇಟ್ಟುಕೊಂಡರೆ ಸ್ಥಿತಿಸ್ಥಾಪಕತ್ವ ಎರಡಾಗುತ್ತದೆ, 40,000ದಲ್ಲಿ 8.20 ಕ್ವಿಂಟಲ್ ಮತ್ತು 48,400ರಲ್ಲಿ 9.13 ಕ್ವಿಂಟಲ್ ಬರಬೇಕು. ನಂತರ ಆರನೆಯ ಹೆಜ್ಜೆಯ ಸಾಲವನ್ನು ಈ ಎರಡಕ್ಕೂ ಸೇರಿಸಿ. ಆಗ ಮೂರೂ ಬಗೆಯ ಬೆಳೆಗಾರರು 51,429 ರೂಪಾಯಿಗಿಂತ ಕೆಳಗಿನ ದರದಲ್ಲಿ ಏನನ್ನೂ ಮಾರಬಾರದು. ಯಾರಾದರೂ ಮಾರಿದಂತೆ ಬಂದರೆ ಸಾಲದ ಮೊತ್ತಕ್ಕೆ ಎಲ್ಲೋ ಮಿತಿ ಹಾಕಿದ್ದೀರಿ, ಲಗ್ರಾಂಜ್ ಷರತ್ತುಗಳನ್ನು ಮತ್ತೊಮ್ಮೆ ಬರೆಯಿರಿ.